ಹೇಳಲು ನಾಚಬಾರದ ಮಾತು

ಕರುಳು ಅನ್ನವನ್ನು ಪಚನಮಾಡುವದು, ಮೂತ್ರಪಿಂಡವು ರಕ್ತವನ್ನು ಸೋಸುವದು ಎಂದು ನಾವೆಲ್ಲರೂ ಶಾಲೆಯಲ್ಲಿ ಬೇರೆ ಬೇರೆ ಪಾಠಗಳಾಗಿ ಓದಿದೆವು. ದೇಹದಲ್ಲಾದರೋ ಅವು ಬೇರೆಯಲ್ಲ. ನರಗಳ ಸಂದೇಶವನ್ನೊಯ್ಯುವ ಸೆರೊಟೋನಿನ್ ಎಂಬ ದ್ರವ್ಯವು ನೂರಕ್ಕೆ ಸುಮಾರು 90 ಪಾಲು ಕರುಳಿನಲ್ಲಿಯೇ ಹುಟ್ಟಿ, ಅಲ್ಲಿಯ ರಕ್ಷಕ ಕಣಗಳ ಮೇಲೂ ಪರಿಣಾಮವನ್ನುಂಟುಮಾಡುತ್ತದೆ. ಕರುಳಿನ ಕಾವಲಿಗಾಗಿ ಆ ಕಣಗಳು ಒದಗಿಸುವ ಐಜಿಎ ಎಂಬ ಪ್ರತಿಕಾಯವು ಕೆಲವರಲ್ಲಿ ವಿಕೃತವಾಗಿ, ಮೂತ್ರಪಿಂಡದಲ್ಲಿ ತಂಗಿ ಅದನ್ನು ಕೆಡಿಸುವದು. ಈ ವ್ಯಾಧಿಯನ್ನು 1968ರಲ್ಲಿ ಪ್ಯಾರಿಸಿನ ಬರ್ಜೆ, ಹ್ಯಾಂಗ್ಲೆ ಎಂಬವರು ವರ್ಣಿಸಿದರು. ಇದಕ್ಕೆಂದು 2021ರಲ್ಲಿ ಅಮೇರಿಕದಲ್ಲಿ ಅಂಗೀಕೃತವಾದ ಔಷಧವೊಂದು ಸಣ್ಣ ಕರುಳಿನ ಕೊನೆಯಲ್ಲಿ ಕರಗುವಂತೆ ರಚಿತವಾಗಿದೆ.

ಮನೋವ್ಯಥೆಯೇ ಈ ರೋಗದ ಮೂಲವೆಂದು ನಾವು ಹೇಳುವದಿಲ್ಲ. ನಮ್ಮ ಅಭಿಪ್ರಾಯವಿಷ್ಟೇ: ಒಂದು ಅವಯವದ ಕೇಡು ಮತ್ತೊಂದರಲ್ಲಿ ಕಾಣಿಸಿಕೊಳ್ಳುವದರಿಂದ, ಕಂಡದ್ದನ್ನು ಮುಚ್ಚಿಡಲಾಗದು. ಗಂಟಲು ನೋವೋ ಭೇದಿಯೋ ಬಂದೊಡನೆ ಮೂತ್ರವು ಕೆಂಪಾದರೆ, ಅದನ್ನು ತಿಂಗಳ ಸಂಗತಿಯೆಂದೆಣಿಸಿ ನಾಚಿ ಸುಮ್ಮನಿರುವ ಹುಡುಗಿಯರುಂಟು. ಮಾತೆಯರೇ, ಮಕ್ಕಳನ್ನು ಮೆಲ್ಲನೆ ವಿಚಾರಿಸಿರಿ. ತಡಮಾಡದೆ ಮೂತ್ರಪರೀಕ್ಷೆಯನ್ನು ಮಾಡಿಸಿರಿ. ಶರೀರವು ದೇವರ ಆಲಯವೆಂದು ನಮಗೆ ಕಲಿಸಿದ ಈ ಶಾಲೆಯು, ಆ ಆಲಯದ ಕುಂದನ್ನು ಅಂಜದೆ ಹೇಳುವದನ್ನೂ ನಮ್ಮ ಹೆಣ್ಣುಮಕ್ಕಳಿಗೆ ಕಲಿಸಲಿ.