ಬೀರುವಿನೊಳಗೆ ಕೀಬೋರ್ಡು

ದಸರಾ ರಜೆಗೆ ಬಂದ ಮೊಮ್ಮಗ ಅವರಪ್ಪನ ಬೆನ್ನು ಹತ್ತಿ, ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು ಇಳಿಸಿಯೇ ಇಳಿಸಿಸಿದ. ಗೂನು ಬೆನ್ನಿನ ದಪ್ಪ ಮಾನಿಟರು, ಹಳದಿಗಟ್ಟಿದ ಕೀಬೋರ್ಡು. ‘ಅದು ಆನ್ ಆಗಲ್ಲ ಕಣೋ ಪುಟ್ಟ’ ಎಂದೆ. ಒಂದಷ್ಟು ಹೊತ್ತು ಗುರುಗುಟ್ಟಿ ಆನ್ ಆಗಿಬಿಟ್ಟಿತು!

ಒಳಗೆ ಪಿನ್‌ಬಾಲ್ ಆಟ ಹಾಗೇ ಇತ್ತು, ‘ಸ್ಪೇಸ್ ಕೆಡೆಟ್’. ವಿಂಡೋಸ್ ಎಕ್ಸ್‌ಪಿ ಇದ್ದ ಮನೆಗಳವರಿಗೆ ಹೆಸರು ಹೇಳಿದರೆ ಸಾಕು, ಟಣ್ ಟಣ್ ಸದ್ದು ಕಿವಿಗೆ ಬಂದೀತು. ಇಳಿಜಾರು ಹಲಗೆಯ ಮೇಲೆ ಚೆಂಡು ಚಿಮ್ಮಿಸಬೇಕು, ಅದು ಕೆಳಕ್ಕೆ ಜಾರಿ ಬಂದಾಗ ಝಡ್ ಕೀ ಒತ್ತಿ ಎಡಗಡೆಯ ಪುಟ್ಟ ಫ್ಲಿಪ್ಪರಿನಿಂದ ಮೇಲಕ್ಕೆ ಹೊಡೆಯಬೇಕು. ಬಲಗಡೆಗೆ ಇನ್ನೊಂದು ಕೀ. ಇರುವುದು ಮೂರೇ ಚೆಂಡು.

ನಮ್ಮವನ ಮೂರು ಚೆಂಡೂ ಎರಡು ನಿಮಿಷದಲ್ಲಿ ಮುಗಿದವು. ‘ಅಜ್ಜಿ, ಇದು ಬರೀ ಲಕ್. ಚೆಂಡು ತಾನೇ ಬೀಳುತ್ತೆ, ನಾನೇನು ಮಾಡಲಿ’ ಎಂದ.

ನನಗೆ ಒಳಗೊಳಗೇ ಚುರುಕ್ ಎಂದಿತು. 2004ರಲ್ಲಿ ಅವರಪ್ಪನ ಎಸ್ಸೆಸ್ಸೆಲ್ಸಿ ವರ್ಷ ನಾನೂ ಇದೇ ಮಾತು ಹೇಳಿದ್ದೆ. ‘ಇದು ಜೂಜಿನ ತಮ್ಮ ಕಣೋ, ಬುದ್ಧಿಗೆ ಕೆಲಸವೇ ಇಲ್ಲ’ ಎಂದು ಬೈದು, ಕೀಬೋರ್ಡನ್ನೇ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಅವನು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ನನ್ನಂಥವರು ಅಮೆರಿಕದಲ್ಲೂ ಇದ್ದರು. ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ 1942ರಲ್ಲಿ ಊರಿನಲ್ಲಿ ಪಿನ್‌ಬಾಲನ್ನೇ ನಿಷೇಧಿಸಿದರು. ಶಾಲಾ ಮಕ್ಕಳ ಊಟದ ಕಾಸನ್ನು ಈ ಯಂತ್ರಗಳು ನುಂಗುತ್ತಿವೆ ಎಂಬುದು ಅವರ ಸಿಟ್ಟು. ಪೊಲೀಸರು ಸಾವಿರಾರು ಯಂತ್ರಗಳನ್ನು ಹಿಡಿದು ತಂದರು. ಮೇಯರ್ ಸಾಹೇಬರೇ ಸುತ್ತಿಗೆ ಹಿಡಿದು ಒಡೆದರು, ಫೋಟೋಕ್ಕೂ ನಿಂತರು. (ನಾನು ಬೀಗ ಹಾಕುವಾಗ ಫೋಟೋ ತೆಗೆಸಿಕೊಳ್ಳಲಿಲ್ಲ, ಅಷ್ಟರಮಟ್ಟಿಗೆ ವಾಸಿ.)

ನ್ಯಾಯವಾಗಿ ಹೇಳಬೇಕೆಂದರೆ ಆಗ ಅವರ ಮಾತಿನಲ್ಲಿ ಹುರುಳಿತ್ತು. ಅಜ್ಜ ಅಜ್ಜಿಯರೇ, ನಮ್ಮ ಬೇಸಿಗೆ ರಜೆಯ ಮೊಳೆ ಹೊಡೆದ ಹಲಗೆ ನೆನಪಿದೆಯೇ? ಸ್ಪ್ರಿಂಗಿನ ಕಡ್ಡಿ ಎಳೆದು ಬಿಟ್ಟರೆ ಗೋಲಿ ಮೊಳೆಗಳಿಗೆ ತಾಗುತ್ತಾ ಬಂದು ಯಾವುದೋ ಒಂದು ಮನೆಗೆ ಬೀಳುತ್ತಿತ್ತು. ಆ ಸ್ಪ್ರಿಂಗಿಗೆ 1871ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದಲ್ಲಿ ನೆಲೆಸಿದ್ದ ಮಾಂಟೆಗ್ಯೂ ರೆಡ್‌ಗ್ರೇವ್. ಮೇಯರ್ ಒಡೆದ ಯಂತ್ರಗಳೂ ಹೆಚ್ಚುಕಡಿಮೆ ಹೀಗೇ. ಚೆಂಡು ಒಮ್ಮೆ ಕೈಬಿಟ್ಟರೆ ಮುಗಿಯಿತು, ಆಮೇಲೆ ಯಂತ್ರವನ್ನು ಸ್ವಲ್ಪ ಅಲ್ಲಾಡಿಸಬಹುದು ಅಷ್ಟೆ.

ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್‌ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ. ಒಂದಲ್ಲ, ಆರು ಫ್ಲಿಪ್ಪರ್! ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು ಬೀಳುವ ಹೊತ್ತಿಗೆ ಅದನ್ನು ವಾಪಸ್ ಕಳಿಸುವ ಅವಕಾಶ ಆಡುವವನ ಬೆರಳಿಗೆ ಸಿಕ್ಕಿತು. ಆಟ ಬದಲಾಯಿತು, ನ್ಯೂಯಾರ್ಕಿನ ಕಾನೂನು ಮಾತ್ರ ಬದಲಾಗಲಿಲ್ಲ.

1976ರಲ್ಲಿ ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರ ಸಭೆಯವರ ಮುಂದೆ ಪಿನ್‌ಬಾಲ್ ಆಡಿ ತೋರಿಸಿದರು. ಯಂತ್ರದಲ್ಲಿ ಮೋಸವಿದ್ದೀತೆಂದು ಒಬ್ಬ ಸದಸ್ಯರಿಗೆ ಅನುಮಾನ, ಬದಲಿಗೆ ತಂದಿದ್ದ ಇನ್ನೊಂದು ಯಂತ್ರದಲ್ಲೇ ಆಡಿ ಎಂದರು. ಶಾರ್ಪ್ ಆಡಿದರು. ಕೊನೆಗೆ ‘ಈಗ ಚೆಂಡು ನಡುವಿನ ದಾರಿಯಲ್ಲೇ ಇಳಿಯುತ್ತದೆ’ ಎಂದು ಮೊದಲೇ ಹೇಳಿ ಕಡ್ಡಿ ಎಳೆದು ಬಿಟ್ಟರು. ಇಳಿಯಿತು! ನಿಷೇಧ ಹೋಯಿತು. ಆ ಹೊಡೆತದಲ್ಲಿ ಅದೃಷ್ಟದ ಪಾಲೂ ಇತ್ತೆಂದು ಮುಂದೆ ಅವರೇ ಒಪ್ಪಿಕೊಂಡರು. ಆ ಮನುಷ್ಯ ನನಗೆ ಇಷ್ಟವಾಗುವುದು ಇದಕ್ಕೇ.

ನಮ್ಮ ‘ಸ್ಪೇಸ್ ಕೆಡೆಟ್’ 1995ರ ಕೂಸು. ನಿಜವಾದ ಯಂತ್ರದ ನಡತೆಯನ್ನೆಲ್ಲ ಕಂಪ್ಯೂಟರಿಗೆ ಕಲಿಸಿದ್ದಾರೆ. ಟೇಬಲ್ಲನ್ನು ಅತಿಯಾಗಿ ಅಲುಗಿಸಿದರೆ ‘ಟಿಲ್ಟ್’ ಎಂದು ಫ್ಲಿಪ್ಪರ್ ಕೂಡ ಸತ್ತಂತಾಗುತ್ತದೆ. ವಿಂಡೋಸ್ ವಿಸ್ತಾ ಬಂದಾಗ ಈ ಆಟ ಕಾಣೆಯಾಯಿತು. ಮೈಕ್ರೋಸಾಫ್ಟಿನ ಎಂಜಿನಿಯರ್ ರೇಮಂಡ್ ಚೆನ್ ಬರೆದ ಪ್ರಕಾರ, 64 ಬಿಟ್ ಕಂಪ್ಯೂಟರಿಗೆ ಅಳವಡಿಸಿದಾಗ ಚೆಂಡು ಯಾವುದಕ್ಕೂ ತಾಗದೆ ದೆವ್ವದ ಹಾಗೆ ತೂರಿಕೊಂಡು ಕೆಳಗೆ ಬೀಳುತ್ತಿತ್ತಂತೆ. ಹೊರಗಿನ ಕಂಪನಿಯವರು ಬರೆದಿದ್ದ ಕೋಡಿನಲ್ಲಿ ವಿವರಣೆಯೇ ಇರಲಿಲ್ಲ, ತಪ್ಪು ಎಲ್ಲಿದೆಯೆಂದು ಹುಡುಕಲಾಗದೆ ಕೈಬಿಟ್ಟರು. ಲೆಕ್ಕದಲ್ಲಿ ಹಂತ ಬರೆಯದೆ ಬರೀ ಉತ್ತರ ಬರೆಯುವ ಮೊಮ್ಮಗನಿಗೆ ಇದನ್ನು ಎರಡು ಸಲ ಓದಿ ಹೇಳಿದೆ.

ರಾತ್ರಿ ಮಗ ಆಫೀಸಿನಿಂದ ಬಂದವನು ಕೈಕಾಲು ತೊಳೆಯದೆಯೇ ‘ಸ್ವಲ್ಪ ಸರಿಯಮ್ಮ’ ಎಂದು ಕುರ್ಚಿ ಎಳೆದುಕೊಂಡ. ಚೆಂಡು ಉರುಳಿ ಬಂತು. ಅವನು ಹೊಡೆಯಲಿಲ್ಲ. ಫ್ಲಿಪ್ಪರನ್ನು ಎತ್ತಿ ಹಿಡಿದ, ಚೆಂಡು ಅದರ ತೊಡೆಯ ಮೇಲೆ ಮಗುವಿನಂತೆ ಕೂತಿತು. ‘ನೋಡು, ಮೊದಲು ನಿಲ್ಲಿಸಬೇಕು. ಆಮೇಲೆ ಗುರಿ ನೋಡಿ ಬಿಡಬೇಕು’ ಎಂದು ಮಗನಿಗೆ ಹೇಳಿ, ಬಿಟ್ಟ. ನೇರ ಮೇಲಿನ ದಾರಿಗೆ ಹೋಯಿತು. ಮೊಮ್ಮಗ ಬಾಯಿ ತೆರೆದು ನಿಂತಿದ್ದ.

‘ಇಷ್ಟೆಲ್ಲ ಯಾವಾಗ ಕಲಿತೆಯೋ? ಕೀಬೋರ್ಡು ಬೀರುವಿನಲ್ಲಿತ್ತಲ್ಲ’ ಎಂದೆ.

ಅವನು ಪರದೆಯಿಂದ ಕಣ್ಣು ಕೀಳದೆ ಹೇಳಿದ: ‘ಬೀರುವಿನ ಕೀ ಅಕ್ಕಿ ಡಬ್ಬದಲ್ಲಿರುತ್ತಿತ್ತಲ್ಲಮ್ಮ.’