ಒಂದು ಹಲ್ಲು ತಪ್ಪಿತ್ತು, ನಾನು ಹೇಳಲಿಲ್ಲ

ಸ್ಟಾರ್ಟರ್ ಒತ್ತಿದ್ದು ನಾನೇ. ಎಚ್‌ಒಡಿ, ಇಬ್ಬರು ಮೇಷ್ಟ್ರು, ಮೊಬೈಲ್ ಹಿಡಿದು ನಿಂತ ಜೂನಿಯರ್‌ಗಳು ಸುತ್ತ ಇದ್ದರು. ‘ಟಕ್’ ಎಂದು ಒಂದೇ ಒಂದು ಸದ್ದು. ಆಮೇಲೆ ಎಂಜಿನ್ ಯಾವ ತಡೆಯೂ ಇಲ್ಲದೆ ಹಗುರವಾಗಿ ತಿರುಗತೊಡಗಿತು. ಗೊತ್ತಿಲ್ಲದವರಿಗೆ ಅದು ಒಳ್ಳೆಯ ಲಕ್ಷಣದಂತೆ ಕಾಣಬಹುದು. ಕಂಪ್ರೆಷನ್ ಹೋದ ಎಂಜಿನ್ ಹಾಗೆ ತಿರುಗುತ್ತದೆ. ‘ಪೆಟ್ರೋಲ್ ಬರ್ತಿಲ್ಲ ಅನ್ಸತ್ತೆ ಸರ್’ ಎಂದೆ. ಅದು ಸುಳ್ಳು. ಏನಾಗಿದೆ ಎಂದು ನನಗೆ ಅಂದಾಜಾಗಿತ್ತು. ನಿಜ ಹೇಳಬೇಕೆಂದರೆ, ಹಿಂದಿನ ರಾತ್ರಿಯೇ ಆಗಿತ್ತು.

ನಮ್ಮದು ಕಾಲೇಜಿನ ರೇಸ್ ಕಾರ್ ತಂಡ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಕಾರು ಕಟ್ಟುತ್ತಿದ್ದೆವು. 373 ಸಿಸಿಯ ಸಿಂಗಲ್ ಸಿಲಿಂಡರ್ ಬೈಕ್ ಎಂಜಿನ್, ಎರಡು ಕ್ಯಾಮ್‌ಶಾಫ್ಟ್, ನಾಲ್ಕು ವಾಲ್ವ್. ಆ ವರ್ಷ ಯಾರಿಗೋ ಹೊಳೆಯಿತು, ಹೆಚ್ಚು ಲಿಫ್ಟ್ ಇರುವ ಕ್ಯಾಮ್ ಹಾಕೋಣ ಎಂದು. ಈಗ ಯೋಚಿಸಿದರೆ ಆ ನಿರ್ಧಾರವೇ ಅರೆಬೆಂದದ್ದು. ನಿಯಮದ ಪ್ರಕಾರ ಪೆಟ್ರೋಲ್ ಎಂಜಿನ್‌ಗೆ ಗಾಳಿ ಹೋಗಬೇಕಾದ್ದು ಕೇವಲ 20 ಮಿಲಿಮೀಟರ್ ಅಗಲದ ಕಿಂಡಿಯಲ್ಲಿ. ಮೂಗು ಹಿಡಿದುಕೊಂಡು ಓಡುವವನಿಗೆ ಎದೆ ಅಗಲ ಮಾಡಿಕೊಟ್ಟರೆ ಎಷ್ಟು ಲಾಭ? ಆದರೆ ಪೋಸ್ಟರ್ ಮೇಲೆ ‘ಪರ್ಫಾರ್ಮೆನ್ಸ್ ಕ್ಯಾಮ್’ ಎಂದು ಬರೆಯಲು ಚೆನ್ನಾಗಿತ್ತು.

ಕ್ಯಾಮ್‌ಶಾಫ್ಟಿನ ಕೆಲಸ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವುದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಅದು ಒಂದು ಸುತ್ತು. ಎರಡನ್ನೂ ಸೇರಿಸುವುದು ಒಂದು ಚೈನ್. ಕ್ಯಾಮ್ ಸ್ಪ್ರಾಕೆಟ್‌ಗೆ 40 ಹಲ್ಲುಗಳಿವೆ ಎಂದುಕೊಳ್ಳಿ. ಚೈನ್ ಒಂದೇ ಹಲ್ಲು ಆಚೀಚೆ ಕೂತರೆ ಕ್ಯಾಮ್ ಲೆಕ್ಕದಲ್ಲಿ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ವ್ಯತ್ಯಾಸ. ಕಣ್ಣಿಗೆ ಮಾತ್ರ ಅದು ‘ಸ್ವಲ್ಪ’ವೇ.

ನಾವು ಮಾಡಿದ ತಪ್ಪು ತೀರಾ ಸಾಮಾನ್ಯವಾದದ್ದು. ಟೆನ್ಷನರ್ ಇರುವುದು ಚೈನಿನ ಹಿಂಭಾಗದಲ್ಲಿ. ಕ್ರ್ಯಾಂಕ್ ಎಳೆಯುವುದು ಮುಂಭಾಗವನ್ನು, ಅಂದರೆ ಎಕ್ಸಾಸ್ಟ್ ಕ್ಯಾಮ್ ಕಡೆಯದನ್ನು. ಕ್ಯಾಮ್ ಕೂರಿಸುವಾಗ ಆ ಮುಂಭಾಗ ಬಿಗಿಯಾಗಿರಬೇಕು, ಸಡಿಲವೆಲ್ಲ ಟೆನ್ಷನರ್ ಕಡೆಗೆ ಹೋಗಬೇಕು. ನಾವು ಸಡಿಲವನ್ನು ಮುಂದೆಯೇ ಬಿಟ್ಟಿದ್ದೆವು. ಕೂರಿಸಿದಾಗ ಗುರುತುಗಳು ಸರಿಯಾಗಿಯೇ ಕಂಡವು. ಟೆನ್ಷನರ್ ಹಾಕಿ ಕ್ರ್ಯಾಂಕ್ ತುಸು ಅಲುಗಾಡಿಸಿದ ಮೇಲೆ ಎಕ್ಸಾಸ್ಟ್ ಕ್ಯಾಮಿನ ಗುರುತು ಹೆಡ್ಡಿನ ಅಂಚಿಗೆ ಸಮನಾಗಿ ನಿಲ್ಲಲಿಲ್ಲ.

ಅದನ್ನು ನೋಡಿದ್ದು ಎರಡನೇ ವರ್ಷದ ಹುಡುಗ. ಟಾರ್ಚ್ ಹಿಡಿಯುವುದಷ್ಟೇ ಅವನ ಕೆಲಸವಾಗಿತ್ತು. ‘ಅಣ್ಣಾ, ಗುರುತು ಸ್ವಲ್ಪ ಆಚೆ ಇದೆಯಲ್ಲ?’ ಎಂದ. ರಾತ್ರಿ ಒಂದೂವರೆ ಗಂಟೆ. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬರುವವರಿದ್ದರು. ‘ನೀನು ಲೈಟ್ ನೆಟ್ಟಗೆ ಹಿಡಿ’ ಎಂದೆ. ಮತ್ತೆ ಬಿಚ್ಚಿ ಕೂರಿಸಲು ಮುಕ್ಕಾಲು ಗಂಟೆ ಸಾಕಿತ್ತು. ಕೊನೇ ಪಕ್ಷ ಪ್ಲಗ್ ತೆಗೆದು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿದ್ದರೂ ಗೊತ್ತಾಗುತ್ತಿತ್ತು. ಪ್ಲಗ್ ಇಲ್ಲದಿದ್ದರೆ ಕಂಪ್ರೆಷನ್ನಿನ ತಡೆ ಇರುವುದಿಲ್ಲ. ಆಗಲೂ ಗಟ್ಟಿಯಾಗಿ ನಿಂತರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ ಎಂದೇ ಅನುಮಾನಿಸಬೇಕು. ಲಿಫ್ಟ್ ಹೆಚ್ಚಿಸಿದ ಕ್ಯಾಮ್ ಹಾಕಿದಾಗ ಪಿಸ್ಟನ್ ಮೇಲೆ ಮಕ್ಕಳಾಡುವ ಕ್ಲೇ ಇಟ್ಟು ತಿರುಗಿಸಿ, ವಾಲ್ವಿಗೂ ಪಿಸ್ಟನ್ನಿಗೂ ಎಷ್ಟು ಅಂತರ ಉಳಿದಿದೆ ಎಂದು ಅಳೆಯುತ್ತಾರೆ. ಇನ್‌ಟೇಕ್ ಕಡೆ 2, ಎಕ್ಸಾಸ್ಟ್ ಕಡೆ 2.5 ಮಿಲಿಮೀಟರ್‌ನಷ್ಟು ಇರಲಿ ಎಂಬುದು ರೂಢಿಯ ಲೆಕ್ಕ. ಇದೆಲ್ಲ ನನಗೆ ಗೊತ್ತಿತ್ತು. ಸೆಮಿನಾರ್‌ನಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಎಂಜಿನ್ ಹೊತ್ತು ಹೋದದ್ದು ಊರಾಚೆಯ ಒಂದು ಗ್ಯಾರೇಜಿಗೆ. ಅಲ್ಲಿನ ಭಾಯ್ ಶಾಲೆ ಬಿಟ್ಟು ಪಾನಾ ಹಿಡಿದವರು. ‘ಯಾರು ಮಾಡಿದ್ದು’ ಎಂದು ಅವರು ಕೇಳಲೇ ಇಲ್ಲ. ‘ಕೊನೇಲಿ ಯಾವುದಕ್ಕೆ ಕೈ ಹಾಕಿದ್ರಪ್ಪಾ?’ ಎಂದರು ಅಷ್ಟೆ. ಹೇಳಿದೆ. ಕ್ಯಾಮ್ ಬಿಚ್ಚಿಟ್ಟು, ವಾಲ್ವ್‌ಗಳೆಲ್ಲ ಮುಚ್ಚಿರಬೇಕಾದ ಸ್ಥಿತಿಯಲ್ಲಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟರು. ಎಕ್ಸಾಸ್ಟ್ ಪೋರ್ಟಿನಲ್ಲಿ ‘ಸುಸ್ಸ್’ ಎಂದಿತು. ಹೆಡ್ ಇಳಿಸಿದಾಗ ಪಿಸ್ಟನ್ ತಲೆಯ ಮೇಲೆ ಎರಡು ಬಿದಿಗೆ ಚಂದ್ರನ ಗುರುತು. ಎಕ್ಸಾಸ್ಟ್ ಹೊಡೆತದ ಕೊನೆಯಲ್ಲಿ ಪಿಸ್ಟನ್ ಮೇಲೆ ಬರುವಾಗ ಮುಚ್ಚಿಕೊಳ್ಳುತ್ತಿರಬೇಕಾದ ವಾಲ್ವ್‌ಗಳು ತಡವಾಗಿ ಅಲ್ಲೇ ಉಳಿದಿದ್ದವು. ಎರಡೂ ಬೆಂಡ್. ವಾಲ್ವ್, ಸೀಲ್, ಗ್ಯಾಸ್ಕೆಟ್, ಲೇತ್ ಕೂಲಿ ಸೇರಿ 11,000 ರೂಪಾಯಿ ಚಿಲ್ಲರೆ. ಬಿಡಿಭಾಗಕ್ಕೆ ಕಾದದ್ದು ಮೂರು ವಾರ. ಆ ವರ್ಷ ಕೊಯಮತ್ತೂರಿಗೆ ಹೋಗಲಿಲ್ಲ. ತಂಡದ ಹದಿನೆಂಟು ಜನರಲ್ಲಿ ಏಳು ಜನರಿಗೆ ಅದು ಕೊನೆಯ ವರ್ಷವಾಗಿತ್ತು.

ಹಲ್ಲು ತಪ್ಪಿದ್ದು ಅಪರಾಧವಲ್ಲ. ಕೈಯಿಂದ ಮಾಡುವ ಕೆಲಸದಲ್ಲಿ ಅದು ಆಗುವಂಥದ್ದೇ. ನನ್ನ ತಕರಾರು ಇರುವುದು ನಾವು ಕಲಿಯುವ ರೀತಿಯ ಮೇಲೆ. ಲ್ಯಾಬಿನಲ್ಲಿ ಇಪ್ಪತ್ತು ಜನ ಸುತ್ತ ನಿಂತು, ಯಾವಾಗಲೋ ಕತ್ತರಿಸಿಟ್ಟ ಎಂಜಿನ್ ನೋಡುತ್ತೇವೆ. ರೆಕಾರ್ಡ್ ಬುಕ್ಕಿನಲ್ಲಿ ರೀಡಿಂಗ್ ಸರಿ ಬರದಿದ್ದರೆ ಹಿಂದಿನ ಬ್ಯಾಚಿನದನ್ನು ನಕಲು ಮಾಡುತ್ತೇವೆ, ಅದಕ್ಕೇ ಪೂರ್ತಿ ಅಂಕ. ‘ಸರ್, ನನಗೆ ತಪ್ಪು ಬಂತು, ಯಾಕೆ ಅಂತ ನೋಡ್ತೀನಿ’ ಎಂದವನಿಗೆ ಸಿಗುವುದು ‘ರಿಪೀಟ್’. ನಾಲ್ಕು ವರ್ಷ ಹೀಗೆ ಪಳಗಿದವನಿಗೆ ರಾತ್ರಿ ಒಂದೂವರೆಗೆ ‘ಬಿಚ್ಚೋಣ’ ಎನ್ನುವ ನಾಲಿಗೆ ಎಲ್ಲಿಂದ ಬರಬೇಕು?

ಇದು ಪರಂಪರೆಯೂ ಹೌದು. ಹೆಡ್ ಇಳಿಸಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಕ್ಯಾಮ್ ಕ್ಯಾಪಿನ ಒಂದು ಬೋಲ್ಟಿನ ತಿರುಪು ಅಲ್ಯುಮಿನಿಯಮ್ಮಿನಲ್ಲಿ ಸವೆದು ಹೋಗಿತ್ತು, ಅಂಟು ಸುರಿದು ನಿಲ್ಲಿಸಿದ್ದರು. ಅಂಥ 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಕೈ ಅಂದಾಜಿನಲ್ಲಿ ಬಿಗಿದರೆ ಕಿತ್ತು ಬರುತ್ತದೆ. ಎರಡು ವರ್ಷ ಹಿಂದಿನ ಯಾವ ಸೀನಿಯರ್ ಮಾಡಿದ್ದೋ, ಬಾಯಿ ಬಿಡದೆ ಡಿಗ್ರಿ ತಗೊಂಡು ಹೋಗಿದ್ದಾರೆ. ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ನಮ್ಮ ಟಾರ್ಕ್ ರೆಂಚ್ ಆಗಲೂ ಈಗಲೂ ಬೀರುವಿನೊಳಗೇ ಇದೆ. ಕಳೆದುಹೋದೀತೆಂದು ಬೀಗ ಹಾಕಿಟ್ಟಿದ್ದಾರೆ.

ಆಮೇಲೆ ತಂಡದಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಕ್ಯಾಪ್‌ಗಳ ನಂಬರ್, ಬಾಣದ ದಿಕ್ಕು, ಯಾರು ಬಿಗಿದರು, ಯಾರು ಮತ್ತೆ ನೋಡಿದರು, ಕೈಯಿಂದ ಎರಡು ಸುತ್ತು ಆಯಿತೇ, ಎಲ್ಲವೂ ಅದರಲ್ಲಿ. ಇದಕ್ಕೆ ವಿರೋಧವೂ ಬಂತು. ‘ನಾಳೆ ಏನಾದ್ರೂ ಆದ್ರೆ ಈ ಪುಟ ತೋರಿಸಿ ನಮ್ಮನ್ನೇ ಹಿಡೀತಾರೆ’ ಎಂದ ಗೆಳೆಯನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೆಸರು ಬರೆಸಿಕೊಂಡು ಹೆಸರನ್ನೇ ಬೇಟೆಯಾಡುವುದಾದರೆ ಮೊದಲ ವಾರದಲ್ಲೇ ಎಲ್ಲರೂ ಸುಳ್ಳು ಬರೆಯಲು ಕಲಿಯುತ್ತಾರೆ. ಅದಕ್ಕೇ ಮೊದಲ ಪುಟದಲ್ಲಿ ನನ್ನ ತಪ್ಪನ್ನೇ ಬರೆದೆ, ತಾರೀಕು, ಗಂಟೆ, ಖರ್ಚಿನ ಸಮೇತ. ‘ಲೈಟ್ ನೆಟ್ಟಗೆ ಹಿಡಿ’ ಎಂದದ್ದನ್ನೂ. ಎಚ್‌ಒಡಿಯವರಿಗೂ ಅದನ್ನೇ ತೋರಿಸಿದೆ. ಎರಡು ನಿಮಿಷ ಸುಮ್ಮನಿದ್ದು, ‘ಅವತ್ತು ಪೆಟ್ರೋಲ್ ಅಂದ್ಯಲ್ಲಪ್ಪಾ’ ಎಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಟಾರ್ಚ್ ಹಿಡಿದಿದ್ದ ಹುಡುಗ ಈಗ ಎಂಜಿನ್ ವಿಭಾಗ ನೋಡಿಕೊಳ್ಳುತ್ತಾನೆ. ಮೊನ್ನೆ ಫೋನ್ ಮಾಡಿ, ಗುರುತು ಕೂತಿದೆ, ಆದರೂ ಸಮಾಧಾನ ಇಲ್ಲ, ಮತ್ತೊಮ್ಮೆ ಬಿಚ್ಚುತ್ತಿದ್ದೇವೆ ಎಂದ. ಎಷ್ಟು ಹೊತ್ತಾಯಿತು ಎಂದು ಕೇಳಿದೆ. ‘ಎರಡೂಕಾಲು ಅಣ್ಣಾ’ ಎಂದ.