ನೋಡದ ಪಂಚನಾಮೆಗೆ ಸಹಿ ಹಾಕಬೇಡಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಬಂಧುಗಳೇ,

ನಮ್ಮ ಕಡೆ ಪೊಲೀಸರು ಯಾರನ್ನಾದರೂ ಕರೆದೊಯ್ದರೆ ಸಂಜೆಯೊಳಗೆ ಚಹಾದಂಗಡಿಯಲ್ಲಿ ತೀರ್ಪು ಬಂದುಬಿಡುತ್ತದೆ. "ಏನೂ ಮಾಡದಾವನ್ನ ಸುಮ್‌ಸುಮ್ನ ಯಾಕ ಹಿಡೀತಾರ್ರಿ?" ಆ ಮಾತು ಆಡಿದವರು ಚಹಾ ಕುಡಿದು ಮನೆಗೆ ಹೋಗುತ್ತಾರೆ. ಹಿಡಿದೊಯ್ದವನ ಮನೆಯವರು ಮರುದಿನದಿಂದ ತಲೆ ತಗ್ಗಿಸಿ ಬಾವಿಗೆ, ಅಂಗಡಿಗೆ ಹೋಗಬೇಕಾಗುತ್ತದೆ. ಈ ಮಾತಿಗೆ ಉತ್ತರ ಹೇಳಬೇಕೆಂದೇ ಬರೆಯುತ್ತಿದ್ದೇನೆ.

ಸುಮ್‌ಸುಮ್ನ ಹಿಡಿಯುತ್ತಾರೆ. ಕೊಡಗಿನ ಕುಶಾಲನಗರದ ಬಳಿಯ ಹಾಡಿಯೊಂದರ ಬುಡಕಟ್ಟು ಕೂಲಿಕಾರನನ್ನು ಹಾಗೆಯೇ ಹಿಡಿದರು. ಹೆಂಡತಿ ಕಾಣೆಯಾಗಿದ್ದಾಳೆ ಎಂದು ಠಾಣೆಗೆ ದೂರು ಕೊಟ್ಟವನು ಅವನೇ. ಮುಂದೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ, ಕೊಂದವನು ನೀನೇ ಎಂದರು. ಡಿಎನ್ಎ ವರದಿ ಬರುವ ಮೊದಲೇ ದೋಷಾರೋಪ ಪಟ್ಟಿ ನ್ಯಾಯಾಲಯ ಸೇರಿತ್ತು. ವರದಿ ಬಂದಾಗ ಆ ಎಲುಬು ಅವಳದಲ್ಲ ಎಂದು ತಿಳಿಯಿತು. ಆಮೇಲೂ ಕೊಲೆಯ ಮೊಕದ್ದಮೆ ನಿಲ್ಲಲಿಲ್ಲ. ಒಟ್ಟು ಒಂದೂವರೆ ವರ್ಷದಷ್ಟು ಕಾಲ ಅವನು ಜೈಲಿನಲ್ಲಿ ಕಳೆದ. 2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ 'ಸತ್ತ' ಹೆಂಡತಿ ಪರಿಚಯದವರ ಕಣ್ಣಿಗೆ ಬಿದ್ದಳು. ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಆಕೆ ಆ ದಿನ ಆ ಹೋಟೆಲಿಗೆ ಬಾರದೆ ಹೋಗಿದ್ದರೆ ಅವನ ಗತಿ ಏನಾಗುತ್ತಿತ್ತು, ನೀವೇ ಯೋಚಿಸಿ.

ಕೊಡಗು ದೂರ ಅನ್ನುವವರಿಗೆ ಕಲಬುರಗಿ ಹತ್ತಿರವಿದೆ. 1994ರ ಜನವರಿಯಲ್ಲಿ ಅಲ್ಲಿಂದ ಫಾರ್ಮಸಿ ಓದುತ್ತಿದ್ದ ಹುಡುಗನೊಬ್ಬನನ್ನು ರೈಲು ಸ್ಫೋಟಗಳ ಆರೋಪದ ಮೇಲೆ ಒಯ್ದರು. ಇನ್ನೂ 20 ತುಂಬಿರಲಿಲ್ಲ. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಪೊಲೀಸರ ಮುಂದೆ ಕೊಟ್ಟನೆನ್ನಲಾದ ತಪ್ಪೊಪ್ಪಿಗೆಯನ್ನೇ ನಂಬಿ ಅಜ್ಮೇರಿನ ನ್ಯಾಯಾಲಯ 2004ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅಣ್ಣನಿಗೂ ಅದೇ ಶಿಕ್ಷೆಯಾಯಿತು. ಮಕ್ಕಳಿಗಾಗಿ ಕೋರ್ಟು ಅಲೆದ ತಂದೆ 2006ರಲ್ಲಿ ತೀರಿಕೊಂಡರು. ಅಣ್ಣನಿಗೆ ಕ್ಯಾನ್ಸರ್ ಬಂದು 2008ರಲ್ಲಿ ಹೊರಗೆ ಬಿಟ್ಟರು. 2016ರ ಮೇ 11ರಂದು ಸುಪ್ರೀಂ ಕೋರ್ಟು ಆ ಸಾಕ್ಷ್ಯ ನಿಲ್ಲುವುದಿಲ್ಲವೆಂದು ತಮ್ಮನನ್ನು ಖುಲಾಸೆ ಮಾಡಿತು. 22 ವರ್ಷಕ್ಕೂ ಮೇಲೆ! ಆ ಹುಡುಗನ ಜೊತೆ ಕಲಿತವರ ಮಕ್ಕಳು ಅಷ್ಟೊತ್ತಿಗೆ ಕಾಲೇಜು ಸೇರಿದ್ದರು.

ಇದೆಲ್ಲ ಮೇಲಿನವರ ಕೆಲಸ, ನಮಗೇನು ಸಂಬಂಧ ಎನ್ನಬೇಡಿ. ಈ ಯಂತ್ರದ ಮೊದಲ ಹಲ್ಲು ನಮ್ಮ ಊರಲ್ಲೇ ಇದೆ. ಪಂಚನಾಗಿ, ಅಂದರೆ ಸಾಕ್ಷಿಯಾಗಿ, ಸಹಿ ಹಾಕಲು ಊರಿನವನೊಬ್ಬನಿಗೆ ಠಾಣೆಯಿಂದ ಫೋನು ಬರುತ್ತದೆ: "ಸಾಹೇಬ್ರು ಕರದಾರ, ಐದು ನಿಮಿಷ ಬಂದು ಹೋಗ್ರಿ." ಮೇಜಿನ ಮೇಲೆ ಬರೆದು ಮುಗಿಸಿದ ಪಂಚನಾಮೆ. ಯಾವುದೋ ಹೊಲದ ಬದುವಿನಲ್ಲಿ, ಜಾಲಿಕಂಟಿಯ ಬುಡದಲ್ಲಿ, ಆರೋಪಿ ತಾನೇ ತೋರಿಸಿಕೊಟ್ಟ ಕೊಡಲಿಯನ್ನು ಇಬ್ಬರು ಪಂಚರ ಸಮಕ್ಷಮ ಜಪ್ತಿ ಮಾಡಲಾಯಿತು ಎಂದು ಅದರಲ್ಲಿದೆ. ಆ ಹೊಲವನ್ನು ಪಂಚ ಕಂಡಿಲ್ಲ, ಆ ಕೊಡಲಿಯನ್ನೂ ಕಂಡಿಲ್ಲ. "ಏನೂ ಆಗೂದಿಲ್ರಿ, ಇಲ್ಲೊಂದು ಸಹಿ ಹಾಕ್ರಿ." ನಾಳೆ ತನ್ನದೊಂದು ಕೆಲಸ ಆ ಠಾಣೆಯಲ್ಲಿ ಬೀಳಬಹುದು, ಪರಿಚಯದವರಿಗೆ ಇಲ್ಲ ಅನ್ನುವುದು ಹೇಗೆ ಎಂದು ಸಹಿ ಹಾಕುತ್ತಾನೆ. ವರ್ಷಗಳ ನಂತರ ಕೋರ್ಟಿನಿಂದ ಸಮನ್ಸ್ ಬಂದಾಗ ಆರೋಪಿಯ ಮುಖವೂ ಅವನಿಗೆ ನೆನಪಿರುವುದಿಲ್ಲ.

ಟಾಡಾದಂಥ ವಿಶೇಷ ಕಾಯ್ದೆ ಬಿಟ್ಟರೆ, ಕಸ್ಟಡಿಯಲ್ಲಿ ಪೊಲೀಸರಿಗೆ ಹೇಳಿದ ತಪ್ಪೊಪ್ಪಿಗೆಯನ್ನು ನಮ್ಮ ಕಾನೂನು ನಂಬುವುದಿಲ್ಲ. ಆದರೆ ಆ ಹೇಳಿಕೆಯಿಂದ ಒಂದು ವಸ್ತು ಪತ್ತೆಯಾದರೆ ಅಷ್ಟು ಭಾಗವನ್ನು ಒಪ್ಪುತ್ತದೆ. ಅಂದರೆ ಆ ಕೊಡಲಿ, ಅದಕ್ಕೆ ಪಂಚ ಹಾಕಿದ ಸಹಿ, ಇವೆರಡೇ ಒಬ್ಬನನ್ನು ಜೀವಾವಧಿಗೆ ಕಳಿಸುವಷ್ಟು ಭಾರವಾಗಬಹುದು. ಕೈ ನಮ್ಮದು, ಪಾಪವೂ ನಮ್ಮದೇ.

ತನಿಖೆಯೇ ಇಲ್ಲದೆ ಜನರನ್ನು ಅಪರಾಧಿಗಳೆಂದು ಕರೆದ ಚರಿತ್ರೆಯೂ ನಮ್ಮ ನೆಲದಲ್ಲಿದೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ವಿಜಾಪುರ ಜಿಲ್ಲೆಯವರು. ಆ ವಿಜಾಪುರದಲ್ಲಿ, ಹುಬ್ಬಳ್ಳಿ ಗದಗಗಳಲ್ಲಿ ಬ್ರಿಟಿಷರು 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿದರು. ಹಾಜರಿ ಕೊಡದೆ ಊರು ದಾಟುವಂತಿರಲಿಲ್ಲ. ತೊಟ್ಟಿಲ ಕೂಸೂ ಹುಟ್ಟಾ ಕಳ್ಳನೇ. ಆ ಹಣೆಪಟ್ಟಿ ಹಚ್ಚಿದ ಕಾಯ್ದೆ 1952ರಲ್ಲಿ ದೇಶದಿಂದಲೇ ಹೋಯಿತು, ಸಂಶಯ ಹೋಗಲಿಲ್ಲ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಜೈಲು ಕೈಪಿಡಿಗಳಲ್ಲಿ ಇನ್ನೂ ಉಳಿದಿದ್ದ ಜಾತಿಯ ಕೆಲಸಹಂಚಿಕೆಯನ್ನೂ ಇಂಥ ಸಮುದಾಯಗಳ ಮೇಲಿನ ಕಳಂಕದ ಮಾತುಗಳನ್ನೂ ತೆಗೆದುಹಾಕಿ ಎಂದು ಆದೇಶಿಸಬೇಕಾಯಿತು. ಇಂದಿಗೂ ಊರಲ್ಲಿ ಕಳವಾದರೆ ಮೊದಲು ಯಾರ ಓಣಿಗೆ ಜೀಪು ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಕೂಡಲಸಂಗಮಕ್ಕೆ ಹೋಗಿ ಕೈಮುಗಿಯುವ ನಾವು, ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ಎಳೆಹೂಟೆ ಶಿಕ್ಷೆಯಾದ ಕಥೆ ಕೇಳಿ ಕಣ್ಣೀರಿಡುವ ನಾವು, ಆ ಜೀಪಿನ ಹಿಂದೆ ಯಾಕೆ ಓಡುವುದಿಲ್ಲ?

ಹಾಗಾದರೆ ಜೈಲೇ ಬೇಡವೇ? ಈ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಹೊರಗಿದ್ದರೆ ಇನ್ನೊಂದು ಜೀವ ತೆಗೆಯುವವನನ್ನು ತಡೆದಿಡಲೇಬೇಕು. ಮಗಳನ್ನು ಕಳಕೊಂಡ ತಾಯಿಯ ಎದುರು ನಿಂತು ಜೈಲು ಮುಚ್ಚಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಧರ್ಮಸ್ಥಳದ ವಿದ್ಯಾರ್ಥಿನಿಯ 2012ರ ಕೊಲೆಯನ್ನು ನೆನೆಯಿರಿ. ಆಗ ಹಿಡಿದ ವ್ಯಕ್ತಿ ಹತ್ತು ವರ್ಷ ದಾಟಿ ಆರೋಪಿಯ ಹಣೆಪಟ್ಟಿ ಹೊತ್ತು, 2023ರ ಜೂನಿನಲ್ಲಿ ನಿರ್ದೋಷಿಯೆಂದು ಖುಲಾಸೆಯಾದ. ತಪ್ಪು ಮನುಷ್ಯನನ್ನು ಒಳಗೆ ಹಾಕಿದರೆ ಆ ತಾಯಿಗೆ ಸಿಕ್ಕಿದ್ದೇನು? ಕೊಂದವನು ಹೊರಗೇ ಉಳಿಯುತ್ತಾನೆ.

ದಂಡ ವಸೂಲಿ ತಪ್ಪಾದರೆ ಹಣ ಹಿಂದಿರುಗಿಸಬಹುದು. ಕೆಲಸದಿಂದ ತೆಗೆದದ್ದು ತಪ್ಪಾದರೆ ಮತ್ತೆ ಸೇರಿಸಿಕೊಳ್ಳಬಹುದು. 20ರಿಂದ 42ರವರೆಗಿನ ವಯಸ್ಸನ್ನು ಯಾವ ಖಜಾನೆಯಿಂದ ತೆಗೆದು ಕೊಡುತ್ತೀರಿ? ಒಳಗಿರುವವರಲ್ಲಿ ಕೆಲವರು ನಿರಪರಾಧಿಗಳು ಎಂಬುದು ಖಚಿತ, ಅವರು ಯಾರೆಂಬುದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಒಳಗಿರುವ ಪ್ರತಿಯೊಬ್ಬನನ್ನೂ ಆ ನಿರಪರಾಧಿ ಇವನೇ ಇರಬಹುದು ಎಂದು ನಡೆಸಿಕೊಳ್ಳುವುದೊಂದೇ ದಾರಿ. ಹಾಗೆ ನಡೆಸಿಕೊಳ್ಳಲಾರದ ಜೈಲಿಗೆ ಸಮರ್ಥನೆ ಇಲ್ಲ.

ಬೇರೆ ಬಗೆಯ ಜೈಲು ಸಾಧ್ಯವಿಲ್ಲವೆನ್ನಬೇಡಿ. ವಿಜಾಪುರದ ಬಳಿಯ ಗುಣದಾಳವನ್ನೂ ಒಳಗೊಂಡಿದ್ದ ಪುಟ್ಟ ಔಂಧ್ ಸಂಸ್ಥಾನ 1939ರಲ್ಲೇ ಆಟಪಾಡಿ ಕಡೆ ಸ್ವತಂತ್ರಪುರ ಎಂಬ ಗೋಡೆಯಿಲ್ಲದ ಜೈಲು ಮಾಡಿತ್ತು. ವಿ. ಶಾಂತಾರಾಮರ 'ದೋ ಆಂಖೇ ಬಾರಾ ಹಾಥ್' ಸಿನಿಮಾ ಹುಟ್ಟಿದ್ದು ಅಲ್ಲಿಂದಲೇ. ರಾಜಸ್ಥಾನದ ಸಾಂಗಾನೇರಿನಲ್ಲಿ ಇಂದಿಗೂ ಕೈದಿಗಳು ಹೆಂಡತಿ ಮಕ್ಕಳ ಜೊತೆ ಇದ್ದು, ಹಗಲು ಹೊರಗೆ ದುಡಿದು, ಸಂಜೆ ಹಾಜರಿ ಕೊಡುತ್ತಾರೆ. ಅಲ್ಲಿರುವವರಲ್ಲಿ ಕೊಲೆಗೆ ಶಿಕ್ಷೆಯಾದವರೂ ಇದ್ದಾರೆ.

ಆದರೂ ನಮ್ಮಲ್ಲಿ ಶಿಕ್ಷೆಗೆ ಮೊದಲೇ ಶಿಕ್ಷೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ತೀರ್ಪೇ ಆಗಿರಲಿಲ್ಲ. ಇಳಕಲ್ಲಿನ ಕುಣಿಮಗ್ಗದ ಮನೆಯೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಹೆಂಡತಿ ಕಂಡಿಕೆ ಸುತ್ತಬೇಕು, ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಬೇಕು, ಗಂಡ ಕುಣಿಯಲ್ಲಿ ಕೂತು ನೇಯಬೇಕು. ಜಾಮೀನಿಗೆ ಶ್ಯೂರಿಟಿ ಸಿಗದೆ ಅವನು ಒಳಗೆ ಉಳಿದರೆ ಆ ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಲ್ಲುತ್ತದೆ. ಸಾಹುಕಾರನ ಮುಂಗಡ ನಿಲ್ಲುವುದಿಲ್ಲ, ಬಡ್ಡಿಯೂ ನಿಲ್ಲುವುದಿಲ್ಲ. ಮಗ ಶಾಲೆ ಬಿಟ್ಟು ಹೋಟೆಲಿಗೆ ಸೇರುತ್ತಾನೆ. ಮುಂದೊಂದು ದಿನ ಅಪ್ಪ ನಿರ್ದೋಷಿ ಎಂದು ತೀರ್ಪು ಬಂದರೂ ಆ ಹುಡುಗ ಶಾಲೆಗೆ ಹಿಂದಿರುಗುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಕಣ್ಣಾರೆ ಕಾಣದ ಪಂಚನಾಮೆಗೆ ಸಹಿ ಹಾಕಬೇಡಿ. 2024ರ ಜುಲೈ 1ರಿಂದ ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕೆಂದು ಕಾನೂನೇ ಹೇಳಿದೆ. ವಿಡಿಯೊ ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ.

ವಕೀಲ ಮಿತ್ರರೇ, 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ವಕೀಲರ ಸಂಘ ಆರೋಪ ಹೊತ್ತ ಮೂವರು ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ನಿರ್ಣಯಿಸಿ ಹೈಕೋರ್ಟಿನಿಂದ ಕಟುವಾದ ಮಾತು ಕೇಳಿತು. ಇಂಥ ನಿರ್ಣಯ ಅಸಿಂಧು ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಬಾರ್‌ಗಳಲ್ಲಿ ಅಂಥ ನಿರ್ಣಯ ಎಂದೂ ಆಗದಿರಲಿ. ಉಚಿತ ಕಾನೂನು ನೆರವಿನ ಕೇಸನ್ನು ಫೀಸಿನ ಕೇಸಿನಷ್ಟೇ ಓದಿಕೊಂಡು ನಡೆಸಿ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದ ವಿಚಾರಣಾಧೀನ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ, ಮರಣದಂಡನೆ ಜೀವಾವಧಿಯಂಥ ಪ್ರಕರಣ ಬಿಟ್ಟು, ಬಿಡುಗಡೆಗೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ದಾರಿ ಕೊಟ್ಟಿದೆ. ನಮ್ಮ ಜಿಲ್ಲಾ ಕಾರಾಗೃಹದಲ್ಲಿ ಅಂಥವರು ಯಾರಿದ್ದಾರೆಂದು ಹುಡುಕಿ.

ಪತ್ರಕರ್ತ ಗೆಳೆಯರೇ, ಬಂಧನದ ದಿನ ಮುಖಪುಟದಲ್ಲಿ ಹಾಕಿದ ಫೋಟೊದಷ್ಟೇ ದೊಡ್ಡದಾಗಿ ಬಿಡುಗಡೆಯ ಸುದ್ದಿಯನ್ನೂ ಹಾಕಿ.

ನಿಮ್ಮ ಓಣಿಯಲ್ಲಿ ಯಾರಾದರೂ ಒಳಗಿದ್ದು ವಕೀಲರಿಲ್ಲದೆ ಪರದಾಡುತ್ತಿದ್ದರೆ 15100ಕ್ಕೆ ಫೋನು ಮಾಡಿ. ಬಂಧನದಲ್ಲಿರುವ ಯಾರಿಗೇ ಆಗಲಿ ವಕೀಲರನ್ನು ಉಚಿತವಾಗಿ ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಇನ್ನು ಮತ ಕೇಳಲು ಬರುವವರ ಮುಂದೆ ಇದೊಂದು ಪ್ರಶ್ನೆ ಇಡಿ: ತಪ್ಪಾಗಿ ಜೈಲು ಕಂಡವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರ ಆಗಸ್ಟಿನಲ್ಲೇ ತನ್ನ 277ನೇ ವರದಿಯಲ್ಲಿ ಬರೆದುಕೊಟ್ಟಿದೆ. ಅದನ್ನು ಯಾವಾಗ ಜಾರಿಗೆ ತರುತ್ತೀರಿ? ಉತ್ತರ ಸಿಗುವವರೆಗೆ ಅವರನ್ನು ವೇದಿಕೆಯಿಂದ ಇಳಿಯಲು ಬಿಡಬೇಡಿ.